ಬೈಸಿಕೊಂಡಿದ್ದು ಕರೆಂಟು, ಕೆಟ್ಟಿದ್ದು ಕೆಪಾಸಿಟರು

2004ರ ಬೇಸಿಗೆ. ಪಿಯುಸಿ ಪರೀಕ್ಷೆ ಬರೆದು ನಮ್ಮ ತಾಲ್ಲೂಕಿನ ಬಸ್‌ಸ್ಟ್ಯಾಂಡ್ ಎದುರಿನ ಡಿಟಿಪಿ ಅಂಗಡಿಗೆ ಟೈಪ್ ಮಾಡಲು ಹೋಗುತ್ತಿದ್ದೆ. ಮದುವೆ ಸೀಸನ್ನು. 'ನುಡಿ'ಯಲ್ಲಿ ಲಗ್ನಪತ್ರಿಕೆ ಕೂರಿಸಿ ಇನ್ನೇನು ಪ್ರಿಂಟ್ ಕೊಡಬೇಕು ಅನ್ನುವಷ್ಟರಲ್ಲಿ ಕಂಪ್ಯೂಟರ್ ತಾನಾಗಿ ಆಫ್ ಆಗಿ ಆನ್ ಆಗುತ್ತಿತ್ತು. ಸೇವ್ ಮಾಡದಿದ್ದದ್ದು ಹೋಯಿತು. ಮೆಷಿನ್ ತಂದು ಎರಡು ವರ್ಷವೂ ಆಗಿರಲಿಲ್ಲ.

ಜಿಲ್ಲಾ ಕೇಂದ್ರದಿಂದ ಬಂದ ಸರ್ವಿಸ್ ಹುಡುಗ ಡಬ್ಬ ಬಿಚ್ಚಿ ಧೂಳು ಊದಿ, "ಓಲ್ಟೇಜ್ ಪ್ರಾಬ್ಲಂ ಅಣ್ಣಾ, ನಿಮ್ಮೂರ ಕರೆಂಟೇ ಸರಿಯಿಲ್ಲ" ಅಂದ. ನಮ್ಮ ಓನರಣ್ಣ ನಂಬಿದರು. ನಂಬದೆ ಇರಲು ಕಾರಣವೇ ಇರಲಿಲ್ಲ. ಸಂಜೆಯಾದರೆ ಟ್ಯೂಬ್‌ಲೈಟ್ ಹತ್ತದ ಊರು ನಮ್ಮದು. ಮೊದಲು ಸ್ಟೆಬಿಲೈಜರ್ ಬಂತು, ಆಮೇಲೆ ಯುಪಿಎಸ್. ಅದಕ್ಕೂ ಜಗ್ಗದಿದ್ದಾಗ ಅಂಗಡಿ ಹಿಂದೆ ಗುಂಡಿ ತೋಡಿ ಉಪ್ಪು, ಇದ್ದಿಲು ಸುರಿದು ಅರ್ಥಿಂಗ್ ಮಾಡಿಸಿದೆವು. ಮೂರನೇ ಸಲ ಬಂದ ಹುಡುಗ "ಬೋರ್ಡ್ ಹೋಗಿದೆ" ಅಂದ. ಅಣ್ಣ ಸೊಸೈಟಿಯಲ್ಲಿ ಸಾಲ ಮಾಡಿ ಹೊಸ ಬೋರ್ಡ್ ಹಾಕಿಸಿದರು.

ಹಳೇ ಬೋರ್ಡ್ ಮೂಲೆಯಲ್ಲಿ ಬಿದ್ದಿತ್ತು. ಅದರಲ್ಲಿ ಪ್ರೊಸೆಸರ್ ಪಕ್ಕ ಸಾಲಾಗಿ ನಿಂತಿದ್ದ ಸಣ್ಣ ಸಣ್ಣ ಡಬ್ಬಿಗಳ ನೆತ್ತಿ ಊದಿಕೊಂಡು, ಎರಡರ ಮೇಲೆ ಕಂದು ಕರೆ ಕಟ್ಟಿತ್ತು. ಅವು ಇರುವುದೇ ಹಾಗೆ ಅಂದುಕೊಂಡಿದ್ದೆ.

ಆ ಡಬ್ಬಿಗಳೇ ಕೆಪಾಸಿಟರ್. ಅದೇ ವರ್ಷಗಳಲ್ಲಿ ಜಗತ್ತಿನಾದ್ಯಂತ ಲಕ್ಷಾಂತರ ಬೋರ್ಡ್‌ಗಳಲ್ಲಿ ಅವು ಹೀಗೇ ಊದಿಕೊಳ್ಳುತ್ತಿದ್ದವು ಎಂದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಇಂಗ್ಲಿಷಿನಲ್ಲಿ ಇದಕ್ಕೆ 'ಕೆಪಾಸಿಟರ್ ಪ್ಲೇಗ್' ಎಂದೇ ಹೆಸರು.

ಡಬ್ಬಿಯೊಳಗೆ ಇರುವುದು ಸುರುಳಿ ಸುತ್ತಿದ ಎರಡು ಅಲ್ಯೂಮಿನಿಯಂ ಹಾಳೆ, ನಡುವೆ ದ್ರವದಲ್ಲಿ ನೆನೆಸಿದ ಕಾಗದ. ಆ ದ್ರವವೇ ಎಲೆಕ್ಟ್ರೋಲೈಟ್. ತೊಂಬತ್ತರ ದಶಕದ ಕೊನೆಗೆ ಪ್ರೊಸೆಸರ್‌ಗಳ ಹಸಿವು ಹೆಚ್ಚಿತು: ಒಂದೂವರೆ ವೋಲ್ಟ್ ಆಸುಪಾಸಿನಲ್ಲಿ ಹತ್ತಾರು ಆಂಪಿಯರ್ ಬೇಕು, ಅದೂ ಅಲುಗಾಡದೆ ಬರಬೇಕು. ಅದಕ್ಕೆ ಒಳಗಿನ ರೋಧ, ಅಂದರೆ ಇಎಸ್‌ಆರ್, ತೀರಾ ಕಡಿಮೆಯಿರುವ ಕೆಪಾಸಿಟರ್ ಬೇಕಾಯಿತು. ದ್ರವದಲ್ಲಿ ನೀರಿನ ಪಾಲು ಹೆಚ್ಚಿಸಿದರೆ ರೋಧ ಇಳಿಯುತ್ತದೆ, ಅಗ್ಗವೂ ಹೌದು. ಆದರೆ ನೀರು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತಿಂದಾಗ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಅದನ್ನು ತಡೆಯಲು ಬೆರೆಸುವ ರಾಸಾಯನಿಕಗಳಲ್ಲಿಯೇ ಗುಟ್ಟೆಲ್ಲ ಇರುವುದು. ಅವು ಇಲ್ಲದಿದ್ದರೆ ಒತ್ತಡ ಏರಿ ಏರಿ ನೆತ್ತಿ ಉಬ್ಬುತ್ತದೆ. ನೆತ್ತಿಯ ಮೇಲೆ ಅಡ್ಡಗೀಟು ಕೊರೆದಿರುವುದು ಚೆಂದಕ್ಕಲ್ಲ, ಒಡೆಯುವುದಾದರೆ ಅಲ್ಲೇ ಒಡೆಯಲಿ ಅಂತ.

2002ರ ಸೆಪ್ಟೆಂಬರಿನಲ್ಲಿ 'ಪ್ಯಾಸಿವ್ ಕಾಂಪೊನೆಂಟ್ ಇಂಡಸ್ಟ್ರಿ' ಎಂಬ ಉದ್ಯಮ ಪತ್ರಿಕೆ ಈ ಸುದ್ದಿ ಬರೆಯಿತು. 2003ರ ಫೆಬ್ರವರಿಯಲ್ಲಿ 'ಐಇಇಇ ಸ್ಪೆಕ್ಟ್ರಂ' ಅದನ್ನು ದೊಡ್ಡದು ಮಾಡಿತು. ಅವು ಹೇಳಿದ ಕತೆ ಸಿನಿಮಾದಂತಿದೆ. ಜಪಾನಿನ ಕಂಪನಿಯಲ್ಲಿದ್ದ ವಿಜ್ಞಾನಿಯೊಬ್ಬ ಎಲೆಕ್ಟ್ರೋಲೈಟ್‌ನ ಸೂತ್ರ ಕದ್ದು ಚೀನಾದಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿಂದ ಅವನೋ ಅವನ ಜೊತೆಗಾರರೋ ಅದನ್ನು ತೈವಾನಿಗೆ ಮಾರಿದರು. ಮಾರಿದ್ದು ಅರ್ಧ ಸೂತ್ರ, ಆ ರಕ್ಷಕ ರಾಸಾಯನಿಕಗಳೇ ಅದರಲ್ಲಿ ಇರಲಿಲ್ಲ. ಅಜ್ಜಿಯ ಉಪ್ಪಿನಕಾಯಿ ಅಳತೆ ಕದ್ದವರು ಉಪ್ಪನ್ನೇ ಬರೆದುಕೊಳ್ಳದೆ ಹೋದ ಹಾಗೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಕೆಟ್ಟ ಕೆಪಾಸಿಟರ್‌ಗಳನ್ನು ಸೀಳಿ ನೋಡಿದಾಗ ಅವುಗಳ ದ್ರವದಲ್ಲಿ ಇರಬೇಕಾದ ಅಂಶಗಳ ಕೊರತೆ ಕಂಡದ್ದು ನಿಜ.

ಆದರೂ ಕಳ್ಳತನದ ಕತೆಯೊಂದರಿಂದಲೇ ಎಲ್ಲ ಬಗೆಹರಿಯಿತು ಅಂತ ನನಗೆ ಅನಿಸುವುದಿಲ್ಲ. ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಕಂಪ್ಯೂಟರ್‌ಗಳಲ್ಲಿ ಕೆಟ್ಟಿದ್ದು ಜಪಾನಿನದೇ ಆದ ನಿಚಿಕಾನ್ ಕೆಪಾಸಿಟರ್. ಸೂತ್ರ ಕದ್ದವರ ಮಾಲಲ್ಲ ಅದು. 2003ರ ಮೇ ತಿಂಗಳಿಂದ 2005ರ ಜುಲೈವರೆಗೆ ಡೆಲ್ ಸಾಗಿಸಿದ ಕನಿಷ್ಠ 1.18 ಕೋಟಿ ಕಂಪ್ಯೂಟರ್‌ಗಳು ಕೆಡುವ ಅಪಾಯದಲ್ಲಿದ್ದವು. 2005ರಲ್ಲಿ ಕಂಪನಿ ಇದರ ದುರಸ್ತಿ ಲೆಕ್ಕಕ್ಕೆ 30 ಕೋಟಿ ಡಾಲರ್ ತೆಗೆದಿಟ್ಟಿತು. ಗಿರಾಕಿ ಕಂಪನಿಯೊಂದು 2007ರಲ್ಲಿ ಹಾಕಿದ ಮೊಕದ್ದಮೆಯ ಕಾಗದಪತ್ರಗಳು 2010ರಲ್ಲಿ ಹೊರಬಂದು, 'ನ್ಯೂಯಾರ್ಕ್ ಟೈಮ್ಸ್' ಅವುಗಳ ಮೇಲೆ ಬರೆಯಿತು. ಆ ವರದಿಯ ಒಂದು ಸಂಗತಿ ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದವರು ಕಂಪ್ಯೂಟರ್ ಕೆಡುತ್ತಿವೆ ಎಂದು ದೂರಿದ್ದಕ್ಕೆ ಸಿಕ್ಕ ಉತ್ತರ ಏನು ಗೊತ್ತೆ? ನೀವು ಕಠಿಣ ಲೆಕ್ಕ ಮಾಡಿಸಿ ಅವಕ್ಕೆ ಹೆಚ್ಚು ಹೊರೆ ಕೊಟ್ಟಿದ್ದೀರಿ ಅಂತ!

ಅಲ್ಲಿ ಲೆಕ್ಕದ ಮೇಲೆ ಹಾಕಿದರು, ನಮ್ಮಲ್ಲಿ ಕರೆಂಟಿನ ಮೇಲೆ. ಊರಿನ ಕರೆಂಟು ಏರುಪೇರಾದರೆ ಮೊದಲು ಹೊಡೆತ ತಿನ್ನುವುದು ಎಸ್‌ಎಂಪಿಎಸ್, ಪ್ರೊಸೆಸರ್ ಪಕ್ಕದ ಡಬ್ಬಿಗಳಲ್ಲ. ಆ ಸರ್ವಿಸ್ ಹುಡುಗ ಸುಳ್ಳು ಹೇಳಿದ ಅನ್ನಲಾರೆ. ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ. ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡ ಬೋರ್ಡ್ ತಯಾರಕರಲ್ಲಿ ಎದ್ದು ಕಾಣುವ ಹೆಸರು ತೈವಾನಿನ ಅಬಿಟ್ ಒಂದೇ. ಉಳಿದವರು ಬಾಯಿ ಬಿಡಲಿಲ್ಲ. ವಾರಂಟಿ ಮುಗಿದ ಮೇಲೆ ಉಬ್ಬಿದ ಡಬ್ಬಿಗೆ ಹಣ ಕೊಟ್ಟವರು ಯಾರು ಅನ್ನುವುದು ಇಂಥ ವರದಿಗಳಲ್ಲಿ ಸಿಗುವುದಿಲ್ಲ. ಸೊಸೈಟಿಯ ಸಾಲದ ಪುಸ್ತಕದಲ್ಲಿ ಸಿಗುತ್ತದೆ.

ಹಳೇ ಬೋರ್ಡಿನ ಕತೆ ಅಲ್ಲಿಗೇ ಮುಗಿಯಲಿಲ್ಲ. ಪಕ್ಕದ ಸಾಲಿನಲ್ಲಿ ಟಿವಿ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಸಾಬರು ಒಂದು ದಿನ ಜೆರಾಕ್ಸಿಗೆ ಬಂದವರು ಅದನ್ನು ಎತ್ತಿ ನೋಡಿ, "ಇದರ ಕಂಡೆನ್ಸರ್ ಹೋಗಿದಾವೆ ಕಣಪ್ಪ, ಬೋರ್ಡ್ ಎಲ್ಲಿ ಹೋಗಿದೆ?" ಅಂದರು. ಟಿವಿಗಳಲ್ಲಿ ಇಂಥ ನೂರು ನೋಡಿದವರು. ಕಣ್ಣಲ್ಲೇ ಕಾಯಿಲೆ ಹಿಡಿದರು. ಕಣ್ಣೊಂದನ್ನೇ ನಂಬುವಂತೆಯೂ ಇಲ್ಲ. ಕೆಲವು ಉಬ್ಬದೆಯೂ ಸತ್ತಿರುತ್ತವೆ, ಕೆಲವು ಕೆಳಗಿನ ರಬ್ಬರ್ ಬಿರಡೆ ತಳ್ಳಿಕೊಂಡು ಸೊಟ್ಟಗೆ ನಿಂತಿರುತ್ತವೆ. ಮೀಟರಿನಲ್ಲಿ ಮೈಕ್ರೋಫ್ಯಾರಡ್ ಸರಿ ತೋರಿಸಿಯೂ ಇಎಸ್‌ಆರ್ ಏರಿರಬಹುದು. ಅದನ್ನು ಅಳೆಯಲು ಬೇರೆಯದೇ ಮೀಟರ್ ಬೇಕು.

ಅವರ ಸಣ್ಣ ಸೋಲ್ಡರಿಂಗ್ ಐರನ್ ಮೊದಲು ಸೋತಿತು. ಮದರ್‌ಬೋರ್ಡಿನಲ್ಲಿ ಪದರ ಪದರ ತಾಮ್ರ, ಶಾಖವನ್ನೆಲ್ಲ ಕುಡಿದುಬಿಡುತ್ತದೆ. ದೊಡ್ಡ ಐರನ್ ತಂದು, ಹಳೇ ಕಾಲಿಗೆ ಹೊಸ ಸೀಸ ಹಚ್ಚಿ ಕರಗಿಸಿ, ಒಂದೊಂದೇ ಕಾಲು ಅಲುಗಿಸಿ ಕಿತ್ತರು. ತೂತಿನಲ್ಲಿ ಉಳಿದ ಸೀಸ ಬಿಡಿಸಲು ಹೊಲಿಗೆ ಸೂಜಿ. ಕೀಳುವ ಮೊದಲೇ ಯಾವ ಕಡೆ ಮೈನಸ್ ಎಂದು ನನ್ನ ಕೈಲಿ ಚಿತ್ರ ಬರೆಸಿದ್ದರು. ಬೋರ್ಡಿನ ಮೇಲಿನ ಗುರುತು ಎಲ್ಲ ಕಂಪನಿಯದೂ ಒಂದೇ ಥರ ಇರುವುದಿಲ್ಲ, ತಿರುಗುಮುರುಗಾದರೆ ಪಟಾಕಿ. ಹೊಸವನ್ನು ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದ್ದು: ಅಷ್ಟೇ ಮೈಕ್ರೋಫ್ಯಾರಡ್, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದು, ಲೋ ಇಎಸ್‌ಆರ್. ಮಾಮೂಲಿ ಟಿವಿ ಕಂಡೆನ್ಸರ್ ಹಾಕಿದ್ದರೆ ತಿಂಗಳೂ ಬಾಳುತ್ತಿರಲಿಲ್ಲವೇನೋ.

ಏಳು ಡಬ್ಬಿ, ಎಲ್ಲ ಸೇರಿ ನೂರಾ ಇಪ್ಪತ್ತು ರೂಪಾಯಿ. ಬೋರ್ಡ್ ಆನ್ ಆಯಿತು. ಓನರಣ್ಣ ಅದಕ್ಕೊಂದು ಹಳೇ ಕ್ಯಾಬಿನೆಟ್ ಹುಡುಕಿ ನನಗೇ ಎರಡನೇ ಟೇಬಲ್ ಹಾಕಿಕೊಟ್ಟರು. ಸಾಲದ ಕಂತು ಮಾತ್ರ ಮುಂದಿನ ಯುಗಾದಿವರೆಗೂ ಕಟ್ಟಿದರು.