ಕಂಪನಿಗಳ ಮಾಹಿತಿಯನ್ನು ಕೇಳುವುದು ಹೇಗೆ: ವೆಲ್ಲಿಂಗ್ಟನ್ ಪರಿಸರದ ಪೋಷಕರಿಗೆ

ಮಾಹಿತಿ ಹಕ್ಕು ಅಧಿನಿಯಮವು 2005ರ ಅಕ್ಟೋಬರ್ 12ರಂದು ಜಾರಿಗೆ ಬಂದಿತು. ತಮಿಳುನಾಡು 1997ರಲ್ಲಿಯೇ ತನ್ನದೇ ಕಾನೂನು ಮಾಡಿತ್ತು. ಕರ್ನಾಟಕ 2000ದಲ್ಲಿ ಮಾಡಿತು. ಆದರೂ ‘ಕಂಪನಿಗೆ ಅರ್ಜಿ ಹಾಕಬಹುದೇ?’ ಎಂಬ ಪ್ರಶ್ನೆ ಪೋಷಕರ ಸಭೆಗಳಲ್ಲಿ ನಮಗೆ ಇಂದಿಗೂ ಎದುರಾಗುತ್ತದೆ. ಉತ್ತರವು ಆ ಕಂಪನಿಯ ಒಡೆತನವನ್ನು ಅವಲಂಬಿಸಿದೆ.

ಸರ್ಕಾರಿ ಒಡೆತನದ ಕಂಪನಿಯು ಸಾರ್ವಜನಿಕ ಪ್ರಾಧಿಕಾರ. ಕೂನೂರಿನಲ್ಲಿ ಕೇಂದ್ರ ಕಚೇರಿಯುಳ್ಳ ತಮಿಳುನಾಡು ಚಹಾ ತೋಟ ನಿಗಮ (ಟ್ಯಾನ್‌ಟೀ) ರಾಜ್ಯದ್ದು. ಅರವಂಕಾಡಿನ ಕಾರ್ಡೈಟ್ ಕಾರ್ಖಾನೆ 2021ರ ಅಕ್ಟೋಬರ್ 1ರಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಕಂಪನಿಯ ಭಾಗವಾದರೂ ಅದರ ಒಡೆಯರು ಕೇಂದ್ರ ಸರ್ಕಾರವೇ. ಹೆಸರಿಗೆ ‘ಲಿಮಿಟೆಡ್’ ಸೇರಿದ ಮಾತ್ರಕ್ಕೆ ಉತ್ತರಿಸುವ ಹೊಣೆ ತಪ್ಪುವುದಿಲ್ಲ. ಇಂತಹ ಸಂಸ್ಥೆಗಳು ಮಾಹಿತಿ ಅಧಿಕಾರಿಯನ್ನು ನೇಮಿಸಬೇಕು, 30 ದಿನಗಳೊಳಗೆ ಉತ್ತರಿಸಬೇಕು. ತಡವಾದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ದೇಶದ ಭದ್ರತೆಗೆ ಧಕ್ಕೆ ತರುವ ಸಂಗತಿಗಳನ್ನು ಕಾರ್ಖಾನೆ ನಿರಾಕರಿಸಬಹುದು; ಆದರೆ ಕ್ಯಾಂಟೀನ್ ಗುತ್ತಿಗೆಯ ವಿವರ ಸಾಮಾನ್ಯವಾಗಿ ಆ ಜಾತಿಯದಲ್ಲ.

ಖಾಸಗಿ ಚಹಾ ಕಾರ್ಖಾನೆಗೆ ನೇರವಾಗಿ ಅರ್ಜಿ ಹಾಕಿದರೆ ಫಲವಿಲ್ಲ. ಇಲ್ಲಿಯೇ ಬಹುಜನರು ಎಡವುವುದು. ಕಲಂ 2(ಎಫ್) ಪ್ರಕಾರ, ಬೇರೆ ಕಾನೂನಿನ ಬಲದಿಂದ ಸರ್ಕಾರಿ ಕಚೇರಿಯು ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ವಿವರವೂ ‘ಮಾಹಿತಿ’ಯೇ. ಹಸಿ ಎಲೆಯ ಬೆಲೆಗೆ ಸಂಬಂಧಿಸಿದ ವಿವರವನ್ನು ಚಹಾ ಮಂಡಳಿಯಲ್ಲಿ, ತೋಟದವರು ಭವಿಷ್ಯನಿಧಿ ಕಟ್ಟಿದ್ದಾರೆಯೇ ಎಂಬುದನ್ನು ಭವಿಷ್ಯನಿಧಿ ಕಚೇರಿಯಲ್ಲಿ, ಮಕ್ಕಳನ್ನು ಒಯ್ಯುವ ವ್ಯಾನಿನ ಅರ್ಹತಾ ಪತ್ರವನ್ನು ಸಾರಿಗೆ ಕಚೇರಿಯಲ್ಲಿ ಕೇಳಬೇಕು.

ಕಂಪನಿಯು ಗೋಪ್ಯವೆಂದು ಕೊಟ್ಟ ಮಾಹಿತಿಯನ್ನು ಬಿಡುಗಡೆ ಮಾಡಬೇಕೆಂದಿದ್ದರೆ, ಕಚೇರಿಯು ಅರ್ಜಿ ಬಂದ 5 ದಿನಗಳೊಳಗೆ ಕಂಪನಿಗೆ ನೋಟೀಸು ಕೊಡಬೇಕು. ಆಕ್ಷೇಪಿಸಲು ಕಂಪನಿಗೆ 10 ದಿನಗಳಿವೆ. ವ್ಯಾಪಾರ ರಹಸ್ಯಕ್ಕೆ ಕಲಂ 8(1)(ಡಿ) ರಕ್ಷಣೆಯಿದೆ. ಸಾರ್ವಜನಿಕ ಹಿತ ಅದಕ್ಕಿಂತ ದೊಡ್ಡದಾದರೆ ರಕ್ಷಣೆಯಿಲ್ಲ. ಆಕ್ಷೇಪಿಸುವುದಷ್ಟೇ ಕಂಪನಿಯ ಹಕ್ಕು, ತೀರ್ಮಾನ ಅಧಿಕಾರಿಯದು. ‘ಕಂಪನಿ ಒಪ್ಪಲಿಲ್ಲ’ ಎಂಬ ಒಂದೇ ಸಾಲಿನ ಉತ್ತರ ಬಂದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿರಿ.

ಶಾಲೆ ನಡೆಸುವ ಟ್ರಸ್ಟುಗಳ ಮಾತು ಬೇರೆ. ಸರ್ಕಾರದಿಂದ ಗಣನೀಯ ಹಣಕಾಸು ನೆರವು ಪಡೆಯುವ ಸರ್ಕಾರೇತರ ಸಂಸ್ಥೆಗಳೂ ಉತ್ತರಿಸಬೇಕೆಂದು ಡಿ.ಎ.ವಿ. ಕಾಲೇಜು ಟ್ರಸ್ಟಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿದೆ. ಸಹಕಾರ ಸಂಘಗಳಿಗೂ ಇದೇ ಅಳತೆ: ಮೇಲ್ವಿಚಾರಣೆ ಸಾಲದು, ಹಣದ ಆಸರೆ ಇರಬೇಕೆಂದು ಕೇರಳದ ತಲಪ್ಪಾಲಂ ಬ್ಯಾಂಕಿನ ಪ್ರಕರಣದಲ್ಲಿ 2013ರಲ್ಲಿಯೇ ಹೇಳಲಾಗಿತ್ತು.

ಕೊನೆಗೆ ಭಾಷೆ. ಅರ್ಜಿಯು ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕೆನ್ನುತ್ತದೆ ಕಲಂ 6(1). ನೀಲಗಿರಿಯಲ್ಲಿ ಆ ಪಟ್ಟಿಗೆ ಕನ್ನಡ ಸೇರುವುದಿಲ್ಲ. ಇದು ನಮಗೆ ನೋವಿನ ಸಂಗತಿ. ಆದರೆ ಬರೆದು ಕೊಡಲಾಗದವರು ಬಾಯಿಮಾತಿನಲ್ಲಿ ಕೇಳಿದರೆ, ಅದನ್ನು ಬರಹಕ್ಕಿಳಿಸಲು ನೆರವಾಗುವುದು ಅದೇ ಕಲಮಿನಡಿ ಅಧಿಕಾರಿಯ ಕರ್ತವ್ಯ. ಕನ್ನಡವಷ್ಟೇ ಓದಿದ ತಾಯಂದಿರು ಇದನ್ನು ಕೇಳಿ ಪಡೆಯಲು ಹಿಂಜರಿಯಬೇಕಾಗಿಲ್ಲ.