ಪೆಟ್ಟಿಗೆಯ ಹಿಡಿ ಮತ್ತು ತಪ್ಪಿ ಹುಟ್ಟಿದ ಗಂಟು

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ನ್ಯೂ ಬೆಡ್‌ಫರ್ಡ್ ಬಂದರಿನಿಂದ ತಿಮಿಂಗಿಲ ಬೇಟೆಗೆ ಹೊರಟ ಹಡಗು ಮೂರು ವರ್ಷ, ಕೆಲವೊಮ್ಮೆ ನಾಲ್ಕು ವರ್ಷ ಮನೆಯತ್ತ ತಿರುಗುತ್ತಿರಲಿಲ್ಲ. ತಿಮಿಂಗಿಲ ಸಿಕ್ಕರೆ ಹಗಲು ರಾತ್ರಿ ಎನ್ನದ ದುಡಿಮೆ; ಸಿಗದಿದ್ದರೆ ವಾರಗಟ್ಟಲೆ ಹೊತ್ತು ಹೋಗದ ಬಿಡುವು. ಆ ಬಿಡುವಿನಲ್ಲಿ ನಾವಿಕರು ತಿಮಿಂಗಿಲದ ಹಲ್ಲಿನ ಮೇಲೆ ಚಿತ್ರ ಕೊರೆದರು, ಮರದ ಡಬ್ಬಿ ಮಾಡಿದರು, ತಮ್ಮ ಪೆಟ್ಟಿಗೆಗೆ ಹಗ್ಗದ ಹಿಡಿ ಹೆಣೆದರು.

ನಾವಿಕನ ಪೆಟ್ಟಿಗೆ ಎಂದರೆ ಅವನ ಮನೆಯೇ. ಬಟ್ಟೆ, ತಂಬಾಕು, ಸೂಜಿ ದಾರ, ಕಾಗದ ಪತ್ರ ಎಲ್ಲವೂ ಅದರೊಳಗೆ. ಕೂರುವ ಬೆಂಚೂ ಅದೇ. ಸಾಮಾನ್ಯವಾಗಿ ಪೈನ್ ಹಲಗೆಯದು, ಒಳ್ಳೆಯ ಪೆಟ್ಟಿಗೆಯಾದರೆ ಮೂಲೆಗಳಲ್ಲಿ ಪಾರಿವಾಳದ ಬಾಲದಂತೆ ಅಗಲವಾಗುವ ಡವ್‌ಟೇಲ್ ಜೋಡಣೆ. ತಳ ಅಗಲ, ಬಾಯಿ ಕಿರಿದು. ಹಡಗು ಎಷ್ಟೇ ಹೊಯ್ದಾಡಿದರೂ ಮಗುಚಬಾರದಲ್ಲ! ಕಬ್ಬಿಣದ ಹಿಡಿ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ಕತ್ತಲಲ್ಲಿ ಮೊಣಕಾಲಿಗೆ ಬಡಿಯುತ್ತದೆ. ಅದಕ್ಕೇ ಹಗ್ಗ. ಪೆಟ್ಟಿಗೆಯ ಎರಡು ಪಕ್ಕಕ್ಕೂ ತೂತುಳ್ಳ ದಪ್ಪ ಮರದ ತುಂಡು ಕೂರಿಸಿ, ಅದರಲ್ಲಿ ಹಗ್ಗದ ಬಳೆಯನ್ನು ತೂಗುಬಿಡುತ್ತಿದ್ದರು.

ಆ ಬಳೆಗೆ ಬರಿಯ ಹಗ್ಗ ಸಾಕಿತ್ತು. ಆದರೆ ಅದರ ಮೇಲೆ ಕ್ಯಾನ್ವಾಸ್ ಹೊಲಿದು, ಸಣ್ಣ ದಾರ ಸುತ್ತಿ, ತುರ್ಕರ ಪೇಟದಂತೆ ಕಾಣುವ 'ಟರ್ಕ್ಸ್ ಹೆಡ್' ಗಂಟುಗಳನ್ನು ಉಂಗುರದಂತೆ ತೊಡಿಸಿ, ಬಣ್ಣ ಬಳಿಯುವವರೂ ಇದ್ದರು. ಇದರಲ್ಲಿ ಉಪಯೋಗ ಎಲ್ಲಿ ಮುಗಿದು ಜಂಬ ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ. ಪೆಟ್ಟಿಗೆಯ ಹಿಡಿ ನೋಡಿ ಅದರ ಒಡೆಯನ ಕೈ ಎಂಥದೆಂದು ಉಳಿದವರು ಅಳೆಯುತ್ತಿದ್ದರು.

ಮರದ ಗಿಣ್ಣಿಗೂ ಹಗ್ಗದ ಗಂಟಿಗೂ ಇಂಗ್ಲಿಷಿನಲ್ಲಿ ಒಂದೇ ಪದ. ಕನ್ನಡದಲ್ಲೂ ಎರಡನ್ನೂ ಗಂಟು ಎನ್ನುವುದುಂಟು. ಆದರೆ ತಪ್ಪಿನ ವಿಷಯದಲ್ಲಿ ಮರ ಒಂದು, ಹಗ್ಗ ಇನ್ನೊಂದು. ಗರಗಸ ಗೆರೆ ದಾಟಿದರೆ ಆ ಹಲಗೆ ಮುಗಿಯಿತು. ನಡುಗಡಲಲ್ಲಿ ಇನ್ನೊಂದನ್ನು ಎಲ್ಲಿಂದ ತರುವುದು? ಗಂಟು ಕೆಟ್ಟರೆ ಬಿಚ್ಚಬಹುದು. ಅಲಂಕಾರದ ಗಂಟು ಕೆಡುವುದು ಹೆಚ್ಚಾಗಿ ಅವಸರದಿಂದ. ಒಂದೇ ಎಳೆಯನ್ನು ಜಗ್ಗಿದರೆ ಇಡೀ ಹೆಣಿಗೆ ಸೊಟ್ಟಗಾಗುತ್ತದೆ. ಸಡಿಲವನ್ನು ಎಳೆಯಿಂದ ಎಳೆಗೆ ಸುತ್ತು ಸುತ್ತಾಗಿ ದಾಟಿಸುತ್ತ, ಸ್ವಲ್ಪಸ್ವಲ್ಪವೇ ಬಿಗಿಯಬೇಕು.

ಈ ಕಸುಬು ಬರಹಕ್ಕಿಳಿದದ್ದರಲ್ಲಿ ದೊಡ್ಡ ಪಾಲು ಕ್ಲಿಫರ್ಡ್ ಆ್ಯಶ್ಲಿಯದು. 1881ರಲ್ಲಿ ನ್ಯೂ ಬೆಡ್‌ಫರ್ಡ್‌ನಲ್ಲೇ ಹುಟ್ಟಿದ ಚಿತ್ರಕಾರ. 1904ರಲ್ಲಿ ಒಂದು ಪತ್ರಿಕೆಗೆ ಬರೆಯಲೆಂದು 'ಸನ್‌ಬೀಮ್' ಎಂಬ ತಿಮಿಂಗಿಲ ಹಡಗು ಹತ್ತಿದ. ಆ ಹೊತ್ತಿಗೆ ಕಲ್ಲೆಣ್ಣೆ ಬಂದು, ತಿಮಿಂಗಿಲದೆಣ್ಣೆಯ ಕಾಲ ಇಳಿಮುಖವಾಗಿತ್ತು. ಆ ಮುದುಕ ನಾವಿಕರ ಜೊತೆಗೇ ಅವರ ಕೈಚಳಕವೂ ಹೋಗಿಬಿಡುತ್ತಿತ್ತು. ಆ್ಯಶ್ಲಿ ಗಂಟುಗಳನ್ನು ಕೂಡಿಹಾಕುತ್ತ ಹೋದ. ಸರ್ಕಸ್‌ನವರು, ಕಟುಕರು, ಮೀನುಗಾರರು, ಯಾರನ್ನೂ ಬಿಡಲಿಲ್ಲ. 1944ರಲ್ಲಿ ಹೊರಬಂದ 'ದಿ ಆ್ಯಶ್ಲಿ ಬುಕ್ ಆಫ್ ನಾಟ್ಸ್'ನಲ್ಲಿ 3,800ಕ್ಕೂ ಹೆಚ್ಚು ಅಂಕಿತ ನಮೂದುಗಳಿವೆ. ಚಿತ್ರಗಳೆಲ್ಲ ಅವನದೇ ಕೈಯವು. ಪೆಟ್ಟಿಗೆಯ ಹಿಡಿಗೆಂದೇ ಅದರಲ್ಲಿ ಒಂದು ಅಧ್ಯಾಯ ಮೀಸಲಾಗಿದೆ.

ಆ ಪುಸ್ತಕದ 526ನೆಯ ಗಂಟು ಹುಟ್ಟಿದ್ದು ಕಣ್ಣಿನ ಮೋಸದಿಂದ. ಸಿಂಪಿ ಹಿಡಿಯುವ ದೋಣಿಯೊಂದರ ಹಗ್ಗದ ತುದಿಯಲ್ಲಿ ಆ್ಯಶ್ಲಿಗೆ ದೂರದಿಂದ ಒಂದು ಅಪರಿಚಿತ ಗಂಟು ಕಂಡಿತು. ಅದನ್ನು ನೆನಪಿನಿಂದಲೇ ಹಾಕಲು ಹೊರಟ. ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಕೊನೆಗೆ ಮೂರು ಉಬ್ಬಿನ, ತೂತಿನಿಂದ ಜಾರದ ದಪ್ಪ ಗಂಟೊಂದು ಕೈಗೂಡಿತು. ಆಮೇಲೆ ಮೂಲವನ್ನು ಹತ್ತಿರದಿಂದ ನೋಡಿದರೆ ಅದು ನೀರು ಕುಡಿದು ಊದಿಕೊಂಡ ಹಗ್ಗದಲ್ಲಿದ್ದ ಮಾಮೂಲಿ ಎಂಟರ ಗಂಟು! ತನ್ನ ಗಂಟಿಗೆ ಅವನಿಟ್ಟ ಹೆಸರು ಸಿಂಪಿಯವರದೇ. ಏಮಾರಿದ ಕಥೆಯನ್ನೂ ಪುಸ್ತಕದಲ್ಲೇ ಬರೆದಿಟ್ಟ. ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಂದು ಹಾಯಿದೋಣಿಯವರು ಅದನ್ನು ಆ್ಯಶ್ಲಿಯ ಹೆಸರಿನಿಂದಲೇ ಗುರುತಿಸುವುದು ಹೆಚ್ಚು.

ಆ್ಯಶ್ಲಿ 1947ರಲ್ಲಿ ತೀರಿಕೊಂಡ. 1978ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಹಂಟರ್, ಎರಡು ಹಗ್ಗ ಕೂಡಿಸುವ ಹೊಸ ಗಂಟು ಕಂಡುಹಿಡಿದರೆಂದು 'ದಿ ಟೈಮ್ಸ್' ಮುಖಪುಟದಲ್ಲೇ ಬರೆಯಿತು. ಅಮೆರಿಕದ ಫಿಲ್ ಸ್ಮಿತ್ ಎಂಬವರು ಅದೇ ಗಂಟನ್ನು ಪರ್ವತಾರೋಹಿಗಳ ಪುಸ್ತಕದಲ್ಲಿ ವರ್ಷಗಳ ಹಿಂದೆಯೇ ಅಚ್ಚು ಹಾಕಿಸಿದ್ದರೆಂಬುದು ಆಮೇಲೆ ಹೊರಬಿತ್ತು. ಅಷ್ಟರಲ್ಲಿ ಆ ಸುದ್ದಿ ಚದುರಿಹೋಗಿದ್ದ ಗಂಟಿನ ಹುಚ್ಚರನ್ನು ಒಟ್ಟುಗೂಡಿಸಿತ್ತು. 1982ರಲ್ಲಿ ಅವರದೇ ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿದರು. ಹಂಟರ್ ಗಂಟಿಗೆ ಆ್ಯಶ್ಲಿಯ ಪುಸ್ತಕದ ಮರುಮುದ್ರಣದಲ್ಲಿ ಜಾಗವೂ ಸಿಕ್ಕಿತು, 1425ಎ ಎಂಬ ಅಂಕಿಯಲ್ಲಿ.