ಸೊನ್ನೆಯಲ್ಲಿ ತೆರೆದ ಬೀಗ: ಸೂಡೂ ಮತ್ತು ಸಿಸ್ಟಮ್ ಗಡಿಯಾರದ ಕಥೆ

ಯಾವುದೋ ರಿಪೋರ್ಟಿನಲ್ಲಿ "01-01-1970 05:30" ಅನ್ನೋ ತಾರೀಖು ನೋಡದವರು ನಮ್ಮಲ್ಲಿ ಕಮ್ಮಿ. ಕಂಡ ಕೂಡಲೇ ಹೇಳ್ತೀವಿ: "ಇಲ್ಲಿ ಡೇಟ್ ಇಲ್ಲ, ಸೊನ್ನೆ ಬಂದಿದೆ." ಯುನಿಕ್ಸ್ ಕಾಲ ಎಣಿಸೋದು 1970ರ ಜನವರಿ 1ರ ಮಧ್ಯರಾತ್ರಿಯಿಂದ, ಗ್ರೀನ್‌ವಿಚ್ ಲೆಕ್ಕದಲ್ಲಿ. ಆಗ ಭಾರತದಲ್ಲಿ ಬೆಳಗಿನ ಐದೂವರೆ. ನಾವು ನಕ್ಕು ಸುಮ್ಮನಾಗೋ ಈ ಸೊನ್ನೆಯೇ 2013ರಲ್ಲಿ ಪಾಸ್‌ವರ್ಡ್ ಇಲ್ಲದೆ ರೂಟ್ ಆಗುವ ದಾರಿಯಾಗಿತ್ತು. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಸೂಡೂ ಎಲ್ಲಿಂದ ಬಂತು ನೋಡೋಣ. 1980ರ ಸುಮಾರಿಗೆ ಅಮೆರಿಕದ ಬಫಲೋದಲ್ಲಿರುವ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್ಸ್‌ಹಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಇದನ್ನು ಬರೆದರು. ಓಡುತ್ತಿದ್ದದ್ದು ವ್ಯಾಕ್ಸ್ ಯಂತ್ರದ ಮೇಲೆ. ಉದ್ದೇಶ ಸರಳ: ರೂಟ್ ಪಾಸ್‌ವರ್ಡನ್ನು ಎಲ್ಲರಿಗೂ ಹಂಚಬಾರದು, ಬೇಕಾದವರಿಗೆ ಬೇಕಾದಷ್ಟೇ ಅಧಿಕಾರ ಕೊಡಬೇಕು. 1990ರ ದಶಕದಿಂದ ಇದನ್ನು ನೋಡಿಕೊಳ್ಳುತ್ತಿರುವವರು ಟಾಡ್ ಮಿಲ್ಲರ್.

ಪ್ರತಿ ಸಲ ಪಾಸ್‌ವರ್ಡ್ ಕೇಳಿದ್ರೆ ಯಾರಿಗಾದರೂ ಬೇಜಾರೇ. ಅದಕ್ಕೆ ಸೂಡೂ ಒಂದು ಉಪಾಯ ಮಾಡಿತು. ನೀವು ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಆ ಹೊತ್ತನ್ನು ಒಂದು ಫೈಲಿನಲ್ಲಿ ಗುರುತು ಹಾಕಿಡುತ್ತದೆ. ಇದನ್ನು ಚೀಟಿ ಅಂತ ಇಟ್ಕೊಳ್ಳಿ. ಮತ್ತೆ ಸೂಡೂ ಹೊಡೆದಾಗ ಈಗಿನ ಸಮಯದಲ್ಲಿ ಚೀಟಿಯ ಸಮಯ ಕಳೆಯುತ್ತದೆ. ಐದು ನಿಮಿಷದ ಒಳಗಿದ್ದರೆ ಸುಮ್ಮನೆ ಬಿಡುತ್ತದೆ. ಕೆಲವು ಲಿನಕ್ಸ್‌ಗಳಲ್ಲಿ ಈ ಮಿತಿ ಹದಿನೈದು ನಿಮಿಷ.

ಎದ್ದು ಹೋಗುವಾಗ ಚೀಟಿ ರದ್ದು ಮಾಡಬೇಕಲ್ಲ? ಅದಕ್ಕೆ "ಸೂಡೂ ಡ್ಯಾಶ್ ಕೆ". ಲಾಗೌಟ್ ಆಗುವಾಗ ತಾನೇ ಓಡಲಿ ಅಂತ ಇದಕ್ಕೆ ಪಾಸ್‌ವರ್ಡ್ ಬೇಕಿಲ್ಲ ಅಂತ ಇಟ್ಟಿದ್ದರು. ಒಳಗೆ ಅದು ಮಾಡ್ತಿದ್ದದ್ದು ಇಷ್ಟೇ: ಫೈಲನ್ನು ಅಳಿಸದೆ, ಅದರ ಸಮಯವನ್ನು ಸೊನ್ನೆಗೆ ತಿರುಗಿಸುವುದು. 1970 ಅಂದರೆ ಬಹಳ ಹಳೆಯದು, ಇನ್ನು ಐದು ನಿಮಿಷದ ಮಾತೆಲ್ಲಿ ಬಂತು ಅನ್ನೋ ಲೆಕ್ಕ.

ಇಲ್ಲೇ ಎಡವಟ್ಟಾಗಿದ್ದು. ಸೊನ್ನೆ ಅಂದರೆ "ಚೀಟಿ ಇಲ್ಲ" ಅಂತ ಬರೆದವರ ಮನಸ್ಸಿನಲ್ಲಿತ್ತು. ಗಡಿಯಾರಕ್ಕೆ ಮಾತ್ರ ಸೊನ್ನೆಯೂ ಒಂದು ನಿಜವಾದ ಕ್ಷಣ. ಯಾರಾದರೂ ಸಿಸ್ಟಮ್ ಗಡಿಯಾರವನ್ನೇ 1970ರ ಜನವರಿ 1ಕ್ಕೆ ತಿರುಗಿಸಿದರೆ? ರದ್ದಾದ ಚೀಟಿ ಆಗತಾನೆ ಬರೆದ ಚೀಟಿಯಾಗುತ್ತದೆ. ಬೇರೆ ಹಳೆ ಚೀಟಿಯಾದರೆ ಅದರ ಸಮಯವನ್ನು ಊಹಿಸಬೇಕು. ಇಲ್ಲಿ ಆ ತೊಂದರೆಯೂ ಇಲ್ಲ, ಉತ್ತರ ಎಲ್ಲರಿಗೂ ಗೊತ್ತು.

"ಗಡಿಯಾರ ತಿರುಗಿಸೋಕೆ ರೂಟ್ ಬೇಕಲ್ವಾ?" ಅಂತ ನೀವು ಕೇಳಬಹುದು. ಹಳೆಯ ಸರ್ವರ್‌ಗಳಲ್ಲಿ ಹೌದು. ಆದರೆ ಲ್ಯಾಪ್‌ಟಾಪ್ ಬಂದ ಮೇಲೆ ಜನ ಊರೂರು ತಿರುಗ್ತಾರೆ, ಸಮಯ ಬದಲಾಯಿಸಲು ಪಾಸ್‌ವರ್ಡ್ ಯಾಕೆ ಕೇಳಬೇಕು ಅನ್ನೋ ಯೋಚನೆ ಬಂತು. ಮ್ಯಾಕ್‌ನಲ್ಲಿ ಅಡ್ಮಿನ್ ಬಳಕೆದಾರರು ಮತ್ತೆ ಪಾಸ್‌ವರ್ಡ್ ಕೊಡದೆ ಸಮಯ ಬದಲಾಯಿಸಬಹುದಿತ್ತು. ಉಬುಂಟು ಡೆಸ್ಕ್‌ಟಾಪಿನಲ್ಲೂ ಹೀಗೇ ಇತ್ತು. ಎರಡೂ ಸೌಲಭ್ಯ ಬೇರೆ ಬೇರೆಯಾಗಿ ನೋಡಿದರೆ ಒಳ್ಳೆಯವೇ. ಒಟ್ಟಿಗೆ ಸೇರಿದಾಗ ಬೀಗ ಬಿಚ್ಚಿಕೊಂಡಿತು.

2013ರ ಫೆಬ್ರವರಿ ಕೊನೆಯಲ್ಲಿ ಸೂಡೂ ತಂಡ ದೋಷವನ್ನು ಪ್ರಕಟಿಸಿ 1.8.6 ಪಿ7 ಬಿಡುಗಡೆ ಮಾಡಿತು. ಸಿವಿಇ ಸಂಖ್ಯೆ 2013-1775. ಸೊನ್ನೆ ಇರುವ ಚೀಟಿಯನ್ನು ನಂಬಬೇಡ ಅನ್ನೋದೇ ಆ ತಿದ್ದುಪಡಿ. ಆದರೆ ಆಪಲ್ ತನ್ನ ಓಎಸ್ ಎಕ್ಸ್‌ಗೆ ಇದನ್ನು ತಂದದ್ದು ಸೆಪ್ಟೆಂಬರ್‌ನಲ್ಲಿ, 10.8.5ರ ಜೊತೆ. ಅಷ್ಟರಲ್ಲಿ ಆಗಸ್ಟ್‌ನಲ್ಲೇ ಮೆಟಾಸ್ಪ್ಲಾಯಿಟ್‌ಗೆ ಇದರ ಮಾಡ್ಯೂಲ್ ಬಂದಾಗಿತ್ತು. ನಿಜ, ದಾಳಿ ಮಾಡುವವನ ಕೈಯಲ್ಲಿ ಮೊದಲೇ ಅಡ್ಮಿನ್ ಖಾತೆಯ ಸೆಷನ್ ಇರಬೇಕು, ಆ ಖಾತೆಯಿಂದ ಹಿಂದೆ ಒಮ್ಮೆಯಾದರೂ ಸೂಡೂ ಬಳಸಿರಬೇಕು. ಆದರೆ ಡೆವಲಪರ್ ಲ್ಯಾಪ್‌ಟಾಪ್ ಅಂದರೆ ಅದೇ ತಾನೇ?

ಇಂಥ ಅಪಾಯದ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ ಅನ್ನೋ ಹಾಗಿಲ್ಲ. 1980ರ ದಶಕದಲ್ಲಿ ಎಂಐಟಿಯಲ್ಲಿ ಕೆರ್ಬೆರೋಸ್ ಹುಟ್ಟಿತು. ನಮ್ಮಲ್ಲಿ ಬಹಳ ಜನ ಇವತ್ತಿಗೂ ಆಫೀಸ್ ಲಾಗಿನ್‌ಗೆ ಬಳಸೋದು ಅದನ್ನೇ. ಅದರ ಭದ್ರತೆಯೂ ಗಡಿಯಾರಗಳ ಮೇಲೆ ನಿಂತಿದೆ, ಸಾಮಾನ್ಯವಾಗಿ ಐದು ನಿಮಿಷದ ವ್ಯತ್ಯಾಸಕ್ಕೆ ಮಾತ್ರ ಅವಕಾಶ. ಬೆಲ್ ಲ್ಯಾಬ್ಸ್‌ನ ಸ್ಟೀವನ್ ಬೆಲೋವಿನ್ ಮತ್ತು ಮೈಕೆಲ್ ಮೆರಿಟ್ 1990ರಲ್ಲೇ ಬರೆದಿದ್ದರು: ಯಂತ್ರಕ್ಕೆ ತಪ್ಪು ಸಮಯ ನಂಬಿಸಿದರೆ ಅವಧಿ ಮುಗಿದ ಗುರುತನ್ನೂ ಮತ್ತೆ ಚಲಾಯಿಸಬಹುದು. ಸೂಡೂ ಕಥೆ ಬೇರೆ ಪ್ರೋಗ್ರಾಮಿನದ್ದು, ರೋಗ ಮಾತ್ರ ಅದೇ.

ಪೂರ್ತಿ ಮದ್ದು ಬಂದದ್ದು 2014ರಲ್ಲಿ, ಸೂಡೂ 1.8.10ರಲ್ಲಿ. ಚೀಟಿಯ ರೂಪವನ್ನೇ ಬದಲಾಯಿಸಿ, ಸಿಗುವ ಕಡೆ ಮೊನೊಟೋನಿಕ್ ಗಡಿಯಾರ ಬಳಸಿದರು. ಇದಕ್ಕೆ ತಾರೀಖು ಗೊತ್ತಿಲ್ಲ, ಹಿಂದಕ್ಕೆ ತಿರುಗಿಸಲೂ ಬರುವುದಿಲ್ಲ. ಎಷ್ಟು ಹೊತ್ತಾಯಿತು ಅಂತ ಮಾತ್ರ ಗೊತ್ತು. ಸೂಡೂಗೆ ಬೇಕಾಗಿದ್ದದ್ದೂ ಅಷ್ಟೇ ಆಗಿತ್ತು.

ಹಾಗಾಗಿ ಮುಂದಿನ ಸಲ ಕೋಡ್ ರಿವ್ಯೂ ಮಾಡುವಾಗ ಎರಡು ಪ್ರಶ್ನೆ ಕೇಳಿ. "ಈಗ" ಕಳೆ "ಆಗ" ಅನ್ನೋ ಲೆಕ್ಕ ಕಂಡರೆ, ಈ "ಈಗ" ಯಾರ ಕೈಯಲ್ಲಿದೆ? "ಇಲ್ಲ" ಅನ್ನೋದಕ್ಕೆ ಸೊನ್ನೆ ಇಟ್ಟಿದ್ದರೆ, ಆ ಸೊನ್ನೆಗೆ ಬೇರೆ ಅರ್ಥ ಇದೆಯಾ? ಸೆಷನ್ ಟೈಮೌಟ್, ಓಟಿಪಿ, ಟ್ರಯಲ್ ಲೈಸೆನ್ಸ್, ಎಲ್ಲಕ್ಕೂ ಇದೇ ಪ್ರಶ್ನೆ. ಸಮಯ ನೋಡಿ ಬಾಗಿಲು ತೆಗೆಯೋ ಮನೆಯಲ್ಲಿ ಗಡಿಯಾರವೂ ಒಂದು ಬೀಗದ ಕೈ. ಅದನ್ನು ಪಡಸಾಲೆಯ ಗೋಡೆಗೆ ನೇತುಹಾಕಿ ಮರೆಯಬಾರದು.

ನಿಮ್ಮ ಕೆಲಸದಲ್ಲೂ 1970 ಕಾಟ ಕೊಟ್ಟಿದ್ದರೆ ಬರೆದು ತಿಳಿಸಿ.